ಗಾಳಿ ಸಾಲುತ್ತಿಲ್ಲ ಅಂದರೆ ಮೊದಲು ಕಪ್ಲರ್ ನೋಡಿ

ಕಂಪ್ರೆಸರ್ ಗಾಳಿಯಿಂದ ಓಡುವ ನನ್ನ ಇಂಪ್ಯಾಕ್ಟ್ ರೆಂಚ್ (ಕುಟ್ಟಿ ಕುಟ್ಟಿ ನಟ್ ತಿರುಗಿಸುವ ಟೂಲ್) ಚಕ್ರದ ನಟ್ ಬಿಚ್ಚುತ್ತಿರಲಿಲ್ಲ. ಟಪಟಪ ಅಂತ ನಾಲ್ಕು ಏಟು ಹೊಡೆದು ಆಮೇಲೆ ಸುಸ್ತಾಗಿಬಿಡುತ್ತಿತ್ತು. ಟ್ಯಾಂಕ್ ಗೇಜ್ 8 ಬಾರ್ ತೋರಿಸುತ್ತಿದೆ, ಒತ್ತಡ ಹೊಂದಿಸುವ ರೆಗ್ಯುಲೇಟರ್ 6.2 ಬಾರ್‌ಗೆ ಇಟ್ಟಿದ್ದೇನೆ, ಅಂದರೆ ಟೂಲ್ ಕೇಳುವ 90 ಪಿಎಸ್‌ಐ ಸರಿಯಾಗಿಯೇ ಇದೆ. ದೊಡ್ಡ ಕಂಪ್ರೆಸರ್ ತಗೋಬೇಕೇನೋ ಅಂತ ಒಂದು ವಾರ ಲೆಕ್ಕ ಹಾಕಿದೆ. ಕೊನೆಗೆ ಮೂರು ಬಾಯಿಯ ಒಂದು ಟೀ ಜಾಯಿಂಟ್ ಹಾಕಿ, ಟೂಲ್‌ನ ಬುಡದಲ್ಲೇ ಸಣ್ಣ ಗೇಜ್ ಕೂರಿಸಿದೆ. ಟ್ರಿಗರ್ ಬಿಟ್ಟಾಗ 6.2. ಒತ್ತಿದ ತಕ್ಷಣ ಮುಳ್ಳು ಸರ್ರನೆ 3.5ಕ್ಕೆ ಬಿತ್ತು.

ಕಂಪ್ರೆಸರ್ ತಪ್ಪು ಇರಲೇ ಇಲ್ಲ. ಟ್ಯಾಂಕಿನಿಂದ ಟೂಲ್‌ಗೆ ಬರುವ ದಾರಿಯಲ್ಲಿ ಗಾಳಿಯ ಕತ್ತು ಹಿಸುಕಿ ಇಟ್ಟಿದ್ದೆ. ನಲ್ಲಿ ಮುಚ್ಚಿದ್ದಾಗ ಪೈಪಿನ ತುಂಬಾ ಒತ್ತಡ ಇದ್ದೇ ಇರುತ್ತದೆ, ತೆರೆದಾಗ ತಾನೇ ನೀರು ಎಷ್ಟು ಬರುತ್ತದೆ ಅಂತ ಗೊತ್ತಾಗೋದು? ಇದೂ ಅಷ್ಟೇ. ಟೂಲ್ ಸುಮ್ನೆ ಇದ್ದಾಗ ಗೇಜ್ ಏನು ಹೇಳಿದರೂ ನಂಬಬೇಡಿ, ಟ್ರಿಗರ್ ಒತ್ತಿ ಹಿಡಿದು ನೋಡಿ.

ದಾರಿಯಲ್ಲಿ ಏನೇನಿತ್ತು ಅಂತ ಬಿಚ್ಚಿ ಮೇಜಿನ ಮೇಲೆ ಸಾಲಾಗಿ ಇಟ್ಟೆ. ಒಂದು 8 ಮಿ.ಮೀ. ಪಿಯು (ಪಾಲಿಯುರೆಥೇನ್ ಪ್ಲಾಸ್ಟಿಕ್) ಸುರುಳಿ ಪೈಪ್, ಎರಡು ಎಲ್ಬೋ, ದೊಡ್ಡ ಥ್ರೆಡ್ಡನ್ನು ಸಣ್ಣದಕ್ಕೆ ಇಳಿಸುವ ಒಂದು ರೆಡ್ಯೂಸರ್ ಬುಷ್, ಥಟ್ಟನೆ ಹಾಕಿ ತೆಗೆಯುವ ಎರಡು ಜೋಡಿ ಕಪ್ಲರ್. ಆ 8 ಮಿ.ಮೀ. ಅನ್ನೋದು ಪೈಪಿನ ಹೊರಗಿನ ಅಳತೆ. ಒಳಗಿನ ತೂತು ಬರೀ 5 ಮಿ.ಮೀ. ರಬ್ಬರ್ ಹೋಸ್‌ಗೆ ಒಳ ಅಳತೆ ಹೇಳುತ್ತಾರೆ, ಪಿಯು ಪೈಪಿಗೆ ಹೊರ ಅಳತೆ ಹೇಳುತ್ತಾರೆ, ಇದು ಗೊತ್ತಿಲ್ಲದೆ ಎಷ್ಟೋ ಜನ ಒಂದನ್ನೊಂದು ಹೋಲಿಸಿ ಮೋಸ ಹೋಗುತ್ತಾರೆ. ಅದನ್ನು ತೆಗೆದು 3/8 ಇಂಚಿನ ರಬ್ಬರ್ ಹೋಸ್ ಹಾಕಿದೆ. ಅದರ ತೂತು 9.5 ಮಿ.ಮೀ. ಅಗಲ ಎರಡು ಪಟ್ಟಿಗಿಂತ ಸ್ವಲ್ಪ ಕಮ್ಮಿ, ಆದರೆ ಗಾಳಿ ಹೋಗುವ ಜಾಗ ಮೂರೂವರೆ ಪಟ್ಟು. ಬುಷ್ ತೆಗೆದೆ, ಒಂದು ಎಲ್ಬೋ ತೆಗೆದೆ, ನಡುವಿನ ಕಪ್ಲರ್ ಜೋಡಿಯನ್ನೂ ತೆಗೆದೆ. ಈಗ ಟ್ರಿಗರ್ ಒತ್ತಿದರೆ ಮುಳ್ಳು 5.4ರಲ್ಲಿ ನಿಲ್ಲುತ್ತದೆ. ನಟ್ ಒಂದೇ ಬಾರಿಗೆ ಸಡಿಲವಾಯಿತು.

ಎಲ್ಲದಕ್ಕೂ ದಪ್ಪ ಹೋಸ್ ಬೇಕು ಅಂತಲ್ಲ. ಟೈರಿಗೆ ಗಾಳಿ ತುಂಬಲು, ಧೂಳು ಊದಲು, ಸಣ್ಣ ಮೊಳೆ ಹೊಡೆಯುವ ಗನ್‌ಗೆ ತೆಳು ಪೈಪ್ ಆರಾಮಾಗಿ ಸಾಕು, ಕೈಗೂ ಹಗುರ. ಇಂಪ್ಯಾಕ್ಟ್ ರೆಂಚ್, ಸ್ಯಾಂಡರ್, ಬಣ್ಣ ಹೊಡೆಯುವ ಗನ್, ಇವುಗಳಿಗೆ ಮಾತ್ರ ಗಾಳಿಯ ಹಸಿವು ಜಾಸ್ತಿ.

ಈಗ ಕಪ್ಲರ್ ವಿಷಯ. ಒಂದು ಭಾಗ ಸಾಕೆಟ್, ಇನ್ನೊಂದು ಪ್ಲಗ್. ಸಾಕೆಟ್ ಒಳಗೆ ವಾಲ್ವ್ ಇರುತ್ತದೆ, ಪ್ಲಗ್ ಬರೀ ಕೊಳವೆ. ಆದ್ದರಿಂದ ಸಾಕೆಟ್ ಯಾವಾಗಲೂ ಗಾಳಿ ಬರುವ ಕಡೆ, ಪ್ಲಗ್ ಟೂಲ್ ಕಡೆ. ಉಲ್ಟಾ ಹಾಕಿದರೆ ಬಿಚ್ಚಿದ ಕೂಡಲೇ ಟ್ಯಾಂಕ್ ಪೂರ್ತಿ ಅಲ್ಲೇ ಖಾಲಿಯಾಗುತ್ತದೆ.

ತಲೆನೋವು ಶುರುವಾಗೋದು ಪ್ಲಗ್ಗಿನ ಆಕಾರದಲ್ಲಿ. ಇಂಡಸ್ಟ್ರಿಯಲ್ ಅಥವಾ ಎಂ ಮಾದರಿ, ಆಟೋಮೋಟಿವ್ ಅಥವಾ ಟಿ ಮಾದರಿ, ಆರೋ ಮಾದರಿ, ಯೂರೋ 7.2 ಮಾದರಿ, ಜಪಾನಿನ ನಿಟ್ಟೋ ಮಾದರಿ, ಹೀಗೆ ಹಲವು ಕುಟುಂಬಗಳಿವೆ. ದೂರದಿಂದ ನೋಡಿದರೆ ಎಲ್ಲ ಒಂದೇ ಥರ ಕಾಣುತ್ತವೆ. ಪಕ್ಕದಲ್ಲಿಟ್ಟು ನೋಡಿ: ಮೂತಿಯ ಉದ್ದ ಬೇರೆ, ಸಾಕೆಟ್ಟಿನ ಹಿಡಿಯುವ ಬಾಲ್‌ಗಳು ಕೂರುವ ಕುತ್ತಿಗೆಯ ಜಾಗ ಬೇರೆ, ಹಿಂದಿನ ಉಬ್ಬು ಬೇರೆ. ಬೇರೆ ಕುಟುಂಬದ ಪ್ಲಗ್ ಒಮ್ಮೊಮ್ಮೆ ಒಳಗೆ ಹೋಗಿ ಕಚ್ಚಿಕೊಂಡ ಹಾಗೂ ಮಾಡುತ್ತದೆ, ಆದರೆ ಸುಂಯ್ ಅಂತ ಸೋರುತ್ತಲೇ ಇರುತ್ತದೆ, ಎಳೆದಾಗ ಯಾವಾಗ ಕಳಚಿ ಹಾರುತ್ತದೋ ಹೇಳಲಿಕ್ಕಾಗದು. ಯಾವುದು ಒಳ್ಳೆಯದು ಅನ್ನೋದಕ್ಕಿಂತ ನಿಮಗೆ ಸುಲಭವಾಗಿ ಸಿಗುವುದು ಯಾವುದು ಅಂತ ನೋಡಿ, ಅದಕ್ಕೇ ನಿಂತುಬಿಡಿ. ಹೊಸ ಟೂಲ್ ಜೊತೆ ಬರುವ ಪ್ಲಗ್ ಬೇರೆ ಕುಟುಂಬದ್ದಾಗಿದ್ದರೆ ಅದೇ ದಿನ ಬಿಚ್ಚಿ ನಿಮ್ಮ ಮಾದರಿಯದ್ದು ಹಾಕಿ. ನಾಳೆ ಮಾಡೋಣ ಅಂತ ಬಿಟ್ಟರೆ ಡಬ್ಬಿಯಲ್ಲಿ ಎಲ್ಲ ಕಲಸಿಹೋಗುತ್ತದೆ.

ನಾನು ನಿಂತಿದ್ದು ನಿಟ್ಟೋ ಮಾದರಿಗೆ, ಮುಖ್ಯವಾಗಿ ಅದರ ಹೆಸರಿಡುವ ಕ್ರಮಕ್ಕಾಗಿ. ಮೊದಲ ಅಕ್ಷರ ಎಸ್ ಆದರೆ ಸಾಕೆಟ್, ಪಿ ಆದರೆ ಪ್ಲಗ್. ಎರಡನೆಯ ಅಕ್ಷರ ಹಿಂಬದಿ ಏನಿದೆ ಅಂತ ಹೇಳುತ್ತದೆ: ಎಂ ಅಂದರೆ ಗಂಡು ಥ್ರೆಡ್, ಎಫ್ ಅಂದರೆ ಹೆಣ್ಣು ಥ್ರೆಡ್, ಎಚ್ ಅಂದರೆ ರಬ್ಬರ್ ಹೋಸ್ ತೂರಿಸುವ ಮುಳ್ಳುಮೂತಿ, ಪಿ ಅಂದರೆ ಪಿಯು ಪೈಪ್ ಹಾಕಿ ನಟ್ ಬಿಗಿಯುವಂಥದ್ದು. ಸಂಖ್ಯೆ 20 ಅಂದರೆ 1/4 ಇಂಚು, 30 ಅಂದರೆ 3/8, 40 ಅಂದರೆ 1/2. ಅಂದರೆ ಪಿಎಫ್ 20 ಅಂದರೆ 1/4 ಇಂಚಿನ ಹೆಣ್ಣು ಥ್ರೆಡ್ ಇರುವ ಪ್ಲಗ್. ಒಮ್ಮೆ ತಲೆಗೆ ಹತ್ತಿದರೆ ಚಿತ್ರ ನೋಡದೇ ಬೇಕಾದ್ದನ್ನು ತರಿಸಬಹುದು. 20, 30, 40 ಮೂರೂ ಒಂದಕ್ಕೊಂದು ಕೂರುತ್ತವೆ, ಏಕೆಂದರೆ ಕೂಡುವ ಮೂತಿ ಒಂದೇ. ಅದಕ್ಕೇ ಇನ್ನೊಂದು ಮಾತು: ಬರೀ 40 ಹಾಕಿದ ಮಾತ್ರಕ್ಕೆ ನಡುವಿನ ದಾರಿ ಅಗಲ ಆಗುವುದಿಲ್ಲ. ಥ್ರೆಡ್ ದೊಡ್ಡದಾಗುತ್ತದೆ, ಅಷ್ಟೇ. ಸ್ಯಾಂಡರ್ ಥರದ ಟೂಲ್ ದಿನವಿಡೀ ಓಡಿಸುವವರು ಅಗಲ ದಾರಿಯ ಹೈ ಫ್ಲೋ ಕಪ್ಲರ್ ನೋಡುವುದು ಒಳ್ಳೆಯದು.

ಥ್ರೆಡ್ ಬಗ್ಗೆ ನನಗೆ ಹೇಳಲು ಬಹಳ ಇದೆ, ಏಕೆಂದರೆ ಇಲ್ಲಿ ಒಂದು ಇಡೀ ಭಾನುವಾರ ಹೋಯಿತು. 1/4 ಇಂಚಿನ ಥ್ರೆಡ್ ಅಂದರೆ 6.35 ಮಿ.ಮೀ. ಇರಬೇಕು ಅಂತ ಕ್ಯಾಲಿಪರ್ ಹಿಡಿದರೆ 13 ಮಿ.ಮೀ. ಚಿಲ್ಲರೆ ಬರುತ್ತದೆ. ಗಾಬರಿ ಬೇಡ, ಪೈಪ್ ಥ್ರೆಡ್ ಲೆಕ್ಕವೇ ಹಾಗೆ, ಹೆಸರು ಹಳೆಯ ಕಾಲದ ಪೈಪಿನ ಒಳ ಅಳತೆಯಿಂದ ಬಂದದ್ದು. ನಿಜವಾದ ತೊಡಕು ಬಿಎಸ್‌ಪಿ (ಬ್ರಿಟಿಷ್ ಪೈಪ್ ಥ್ರೆಡ್) ಮತ್ತು ಎನ್‌ಪಿಟಿ (ಅಮೆರಿಕದ ಪೈಪ್ ಥ್ರೆಡ್) ನಡುವೆ. 1/4 ಇಂಚಿನಲ್ಲಿ ಬಿಎಸ್‌ಪಿಗೆ ಇಂಚಿಗೆ 19 ಥ್ರೆಡ್, ಎನ್‌ಪಿಟಿಗೆ 18. ಕೋನವೂ ಬೇರೆ, ಒಂದು 55 ಡಿಗ್ರಿ, ಇನ್ನೊಂದು 60. ನನ್ನ ರೆಗ್ಯುಲೇಟರ್ ಬಿಎಸ್‌ಪಿ, ತಂದ ನಿಪ್ಪಲ್, ಅಂದರೆ ಥ್ರೆಡ್ ಇರುವ ಸಣ್ಣ ಜೋಡಣೆ ತುಂಡು, ಎನ್‌ಪಿಟಿ. ಎರಡು ಸುತ್ತು ಬೆರಳಲ್ಲೇ ಒಳಗೆ ಹೋಯಿತು, ಮೂರನೆಯದಕ್ಕೆ ಪಾನಾ ಬೇಕಾಯಿತು, ಆಮೇಲೆ ಅಲ್ಲಾಡಲಿಲ್ಲ. ಟೇಪ್ ಸುತ್ತಿದೆ, ಇನ್ನೂ ಸುತ್ತಿದೆ, ಸೋರುವುದು ನಿಲ್ಲಲಿಲ್ಲ. ಬಿಚ್ಚಿ ನೋಡಿದರೆ ಅಲ್ಯೂಮಿನಿಯಂ ಬಾಡಿಯ ಥ್ರೆಡ್ ಕೊರೆದುಹೋಗಿ ಸಣ್ಣ ಹೊಳೆಯುವ ಸುರುಳಿಗಳು ಟೇಪಿಗೆ ಅಂಟಿಕೊಂಡಿದ್ದವು. ಆ ರೆಗ್ಯುಲೇಟರ್ ಅಲ್ಲಿಗೆ ಮುಗಿಯಿತು. 1/2 ಇಂಚಿನಲ್ಲಂತೂ ಎರಡಕ್ಕೂ ಇಂಚಿಗೆ 14 ಥ್ರೆಡ್ಡೇ, ಹಾಗಾಗಿ ಕಣ್ಣಿಗೆ ಇನ್ನೂ ಮೋಸ. ಬೆರಳಲ್ಲಿ ಮೂರು ನಾಲ್ಕು ಸುತ್ತು ಸಲೀಸಾಗಿ ಹೋಗದಿದ್ದರೆ ಪಾನಾ ಮುಟ್ಟಬೇಡಿ.

ಟೇಪರ್ ಥ್ರೆಡ್‌ಗೆ, ಅಂದರೆ ತುದಿಯ ಕಡೆ ಸಣ್ಣದಾಗುತ್ತಾ ಹೋಗುವುದಕ್ಕೆ, ಮಾತ್ರ ಟೆಫ್ಲಾನ್ ಟೇಪ್. ಥ್ರೆಡ್ ತುದಿ ನಿಮ್ಮ ಕಡೆ ಇರಲಿ, ಗಡಿಯಾರದ ಮುಳ್ಳು ತಿರುಗುವ ದಿಕ್ಕಿಗೆ ಎರಡು ಮೂರು ಸುತ್ತು, ಮೊದಲ ಥ್ರೆಡ್ ಖಾಲಿ ಬಿಡಿ. ತುದಿಯವರೆಗೂ ಸುತ್ತಿದರೆ ಚೂರುಗಳು ಹರಿದು ಗಾಳಿಯ ಜೊತೆ ಹೋಗಿ ಟೂಲ್ ಒಳಗೆ ಸಿಕ್ಕಿಕೊಳ್ಳುತ್ತವೆ. ನೇರ ಥ್ರೆಡ್, ಅಂದರೆ ಜಿ ಅಂತ ಗುರುತಿರುವುದು, ಟೇಪಿನಿಂದ ಸೀಲ್ ಆಗುವುದಿಲ್ಲ. ಅದಕ್ಕೆ ಕೆಳಗೆ ವಾಷರ್ ಅಥವಾ ಓ ರಿಂಗ್ ಇರಲೇಬೇಕು.

ಲೋಹದ ವಿಷಯ ಬೇಗ ಮುಗಿಸುತ್ತೇನೆ. ಹಿತ್ತಾಳೆ ತುಕ್ಕು ಹಿಡಿಯುವುದಿಲ್ಲ, ಕಂಪ್ರೆಸರ್ ಗಾಳಿಯಲ್ಲಿ ನೀರಿನಂಶ ಇದ್ದೇ ಇರುವುದರಿಂದ ಅದು ದೊಡ್ಡ ಗುಣ. ಆದರೆ ಮೆತ್ತಗೆ. ಇಂಪ್ಯಾಕ್ಟ್ ರೆಂಚ್ ಥರ ಕುಟ್ಟುವ ಟೂಲ್‌ಗೆ ಗಟ್ಟಿ ಉಕ್ಕಿನ ಪ್ಲಗ್ಗೇ ಸರಿ. ಇನ್ನೂ ಒಳ್ಳೆಯದು ಅಂದರೆ ಆ ಟೂಲ್‌ಗೆ ಒಂದು ಅಡಿ ಉದ್ದದ ಸಣ್ಣ ಹೋಸ್ ಹಾಕಿ, ಕಪ್ಲರ್ ಅದರ ತುದಿಗೆ ಇಡುವುದು. ಅದುರು ಕಪ್ಲರ್‌ಗೆ ತಟ್ಟುವುದಿಲ್ಲ, ಟೂಲ್ ತೂಕವೂ ಕೈಗೆ ಕಮ್ಮಿ ಅನಿಸುತ್ತದೆ.

ಒಂದು ಅಪಾಯ ಮಾತ್ರ ಒತ್ತಿ ಹೇಳಬೇಕು. ಟೂಲ್ ಕಡೆ ಉದ್ದದ ಹೋಸ್ ಇದ್ದು, ಗಾಳಿ ತುಂಬಿರುವಾಗಲೇ ಕಪ್ಲರ್ ಎಳೆದರೆ ಪ್ಲಗ್ ಇರುವ ತುದಿ ಹಾವಿನ ಹಾಗೆ ಚಿಮ್ಮಿ ಹೊಡೆಯುತ್ತದೆ. ನನ್ನ ಮೊಣಕೈಗೆ ಬಿದ್ದ ಏಟು ಹತ್ತು ದಿನ ನೀಲಿಯಾಗಿತ್ತು, ಮುಖಕ್ಕೆ ಬಿದ್ದಿದ್ದರೆ ಕಣ್ಣೇ ಹೋಗುತ್ತಿತ್ತು. ಅದಕ್ಕೇ ಈಗ ಸೇಫ್ಟಿ ಕಪ್ಲರ್ ಹಾಕಿದ್ದೇನೆ. ಮೊದಲ ಹಂತದಲ್ಲಿ ಮುಂದಿನ ಗಾಳಿ ಹೊರಗೆ ಬಿಡುತ್ತದೆ, ಪ್ಲಗ್ ಇನ್ನೂ ಹಿಡಿದೇ ಇರುತ್ತದೆ, ಎರಡನೆಯ ಹಂತದಲ್ಲಿ ಬಿಡುತ್ತದೆ. ಗೋಡೆಗೆ ಲೈನ್ ಎಳೆಯುವವರು ನೀರಿನ ಪಿವಿಸಿ ಪೈಪ್ ಮಾತ್ರ ಬಳಸಬೇಡಿ, ಅದು ಒಡೆದರೆ ಚೂರುಚೂರಾಗಿ ಸಿಡಿಯುತ್ತದೆ.

ಎಲ್ಲ ಜೋಡಿಸಿದ ಮೇಲೆ ಪಾತ್ರೆ ತೊಳೆಯುವ ಸೋಪಿನ ನೀರನ್ನು ಬ್ರಷ್‌ನಲ್ಲಿ ಪ್ರತಿ ಜಾಯಿಂಟ್‌ಗೂ ಹಚ್ಚಿದೆ. ಎರಡು ಕಡೆ ಸಾಸಿವೆಯಷ್ಟು ಗುಳ್ಳೆ ಬಂತು. ಒಂದು ಕಾಲು ಸುತ್ತು ಬಿಗಿದಾಗ ನಿಂತಿತು, ಇನ್ನೊಂದಕ್ಕೆ ಸಾಕೆಟ್ ಒಳಗಿನ ಓ ರಿಂಗ್ ಬದಲಿಸಿದೆ. ಟ್ಯಾಂಕ್ ಬಾಯಿಗೆ ಒಂದು ಬಾಲ್ ವಾಲ್ವ್ ಹಾಕಿದ್ದೇನೆ. ರಾತ್ರಿ ಅದನ್ನು ತೆರೆದಿಟ್ಟು ಬೆಳಗ್ಗೆ ಗೇಜ್ ನೋಡುವುದು, ಮರುದಿನ ಮುಚ್ಚಿಟ್ಟು ನೋಡುವುದು. ತೆರೆದಾಗ ಮಾತ್ರ ಇಳಿದರೆ ಸೋರುವುದು ಹೋಸ್ ಕಡೆ, ಮುಚ್ಚಿದರೂ ಇಳಿದರೆ ಟ್ಯಾಂಕ್ ಕಡೆ. ನನ್ನದು ಎರಡೂ ಸಲ 8ರಿಂದ 7.6ಕ್ಕೆ ಇಳಿದಿದೆ. ಅಂದರೆ ಹೋಸ್ ಕಡೆ ಕೆಲಸ ಮುಗಿಯಿತು, ಇನ್ನು ಟ್ಯಾಂಕಿನ ಗಾಳಿ ಪಂಪಿನ ಕಡೆ ವಾಪಸ್ ಹೋಗದಂತೆ ತಡೆಯುವ ಚೆಕ್ ವಾಲ್ವ್ ಬಿಚ್ಚಬೇಕು.