ಕೇಳುವವರ ಬಾಯಲ್ಲಿ ಬರುವ ಹೆಸರು

ಕಾಸರಗೋಡಿನ ವಿದ್ಯಾನಗರದಲ್ಲಿ, ಕೋರ್ಟಿನ ಹತ್ತಿರವೇ, ನನ್ನದೊಂದು ಸಣ್ಣ ಕೋಣೆ ಇದೆ. ಕನ್ನಡದ ಹಳೆ ಆಧಾರಗಳನ್ನು, ಅಂದರೆ ಜಾಗದ ಪತ್ರಗಳನ್ನು, ಮಲಯಾಳಕ್ಕೆ, ಮಲಯಾಳದ್ದನ್ನು ಕನ್ನಡಕ್ಕೆ, ಕೆಲವೊಮ್ಮೆ ಎರಡನ್ನೂ ಇಂಗ್ಲಿಷಿಗೆ ಮಾಡಿಕೊಡುವುದು ನನ್ನ ಕೆಲಸ. 1956ರ ನವೆಂಬರ್ 1ರವರೆಗೆ ನಾವು ದಕ್ಷಿಣ ಕನ್ನಡ ಜಿಲ್ಲೆಯವರು. ಹಾಗಾಗಿ ಅಜ್ಜಂದಿರ ಕಾಲದ ಮೂಲಗೇಣಿ (ಶಾಶ್ವತ ಗೇಣಿ) ಚೀಟು, ಪಾಲುಪಟ್ಟಿ, ಅಡಮಾನ ಪತ್ರ ಎಲ್ಲ ಕನ್ನಡದಲ್ಲಿರುತ್ತವೆ. ಭೂಸುಧಾರಣೆಯಲ್ಲಿ ಸಿಕ್ಕಿದ ಪಟ್ಟಯ (ಹಕ್ಕುಪತ್ರ), ಈಗಿನ ತೆರಿಗೆ ರಶೀದಿ ಅಂತ ನನ್ನ ಕೈಗೆ ಬರುವುದು ಜಾಸ್ತಿ ಮಲಯಾಳದಲ್ಲಿ. ನಡುವೆ ವ್ಯಾಜ್ಯ ನಡೆದಿದ್ದರೆ ತೀರ್ಪು ಇಂಗ್ಲಿಷಿನಲ್ಲಿ. ಒಂದೇ ತೋಟ, ಮೂರು ಭಾಷೆ.

ನಾಲ್ಕು ವರ್ಷದ ಹಿಂದೆ, ಮಳೆಗಾಲದ ಒಂದು ಮಧ್ಯಾಹ್ನ, ಬದಿಯಡ್ಕ ಕಡೆಯ ಅಜ್ಜಿಯೊಬ್ಬರು ಬಂದರು. "ಮಗಾ, ನಮ್ಮ ಮಾವನ ಕಾಲದ ಪಾಲುಪಟ್ಟಿ ನೀನೇ ಮಲಯಾಳ ಮಾಡಿ ಕೊಟ್ಟದ್ದಲ್ವಾ? ಇನ್ನೊಂದು ಪ್ರತಿ ಬೇಕಿತ್ತು. ನಾಳೆ ವಕೀಲರಿಗೆ ಕೊಡಬೇಕು" ಅಂದರು. ಮಾಡಿದ್ದು ನನಗೂ ಚೆನ್ನಾಗಿ ನೆನಪಿತ್ತು. ಕಂಪ್ಯೂಟರಿನಲ್ಲಿ ಹುಡುಕಿದರೆ 'ಪಾಲುಪಟ್ಟಿ ಹೊಸದು', 'ಪಾಲುಪಟ್ಟಿ ಸರಿ ಮಾಡಿದ್ದು', 'ಫೈನಲ್ 2'. ಒಂದೂ ಅವರದ್ದಲ್ಲ. ಎರಡು ಗಂಟೆ ಕಾದು, ಬಸ್ಸಿನ ಹೊತ್ತಾಯಿತೆಂದು ಮೂಲ ಪತ್ರವನ್ನು ನನ್ನ ಕೈಯಲ್ಲಿಟ್ಟು ಹೋದರು. ರಾತ್ರಿ ಕೂತು ಹನ್ನೊಂದು ಪುಟ ಮತ್ತೆ ಅನುವಾದ ಮಾಡಿದೆ. ಅವರನ್ನು ಮರುದಿನ ಇನ್ನೊಮ್ಮೆ ಅಷ್ಟು ದೂರದಿಂದ ಬರುವ ಹಾಗೆ ಮಾಡಿದೆನಲ್ಲ ಎಂಬ ನೋವು ಈಗಲೂ ಇದೆ.

ವಾರದ ನಂತರ ಆ ಫೈಲ್ ಸಿಕ್ಕಿತು. ಹೆಸರು 'ಬಿಡಿಕೆ 1282'. ಬಿಡಿಕೆ ಅಂದರೆ ಬದಿಯಡ್ಕ. ಸರ್ವೆ ನಂಬರ್ 128/2. ವಿಂಡೋಸಿನಲ್ಲಿ ಫೈಲಿನ ಹೆಸರಿಗೆ ಓರೆಗೆರೆ ಹಾಕಲು ಬಿಡುವುದಿಲ್ಲ. ಅವಸರದಲ್ಲಿ ಗೆರೆ ಬಿಟ್ಟು ಅಂಕಿಗಳನ್ನು ಕೂಡಿಸಿ ಬರೆದಿದ್ದೆ.

ಆಮೇಲೆ ಒಂದು ತಿಂಗಳು ಕೂತು ಎಲ್ಲವನ್ನೂ ಜೋಡಿಸಿದೆ. ಕನ್ನಡ, ಮಲಯಾಳ, ಇಂಗ್ಲಿಷ್ ಅಂತ ಮೂರು ಫೋಲ್ಡರ್. ಪ್ರತಿಯೊಂದರ ಒಳಗೆ ಕ್ರಯ, ಪಾಲು, ಅಡಮಾನ, ತೀರ್ಪು. ನೋಡಲು ಬಹಳ ಚಂದ ಇತ್ತು. ಆದರೆ ಒಂದು ಮನೆಯ ಕಾಗದ ತೆಗೆಯಬೇಕಾದರೆ ಮೂರು ಕಡೆ ಓಡಬೇಕು. ಜೋಡಿಸಿದ್ದು ನನ್ನ ಕಣ್ಣಿಗೆ ಸರಿಯಾಗಿ, ಕೇಳಲು ಬರುವವರನ್ನು ನಾನು ಲೆಕ್ಕಕ್ಕೇ ತೆಗೆದುಕೊಂಡಿರಲಿಲ್ಲ.

ಹಾಗಾಗಿ ಮೇಜಿನ ಮೇಲೆ ಒಂದು ನೋಟ್‌ಬುಕ್ ಇಟ್ಟೆ. ಎರಡನೇ ಸಲ ಬಂದವರು ಬಾಗಿಲಲ್ಲಿ ನಿಂತು ಹೇಳುವ ಮೊದಲ ಮಾತನ್ನು ಹಾಗೆಯೇ ಬರೆದುಕೊಂಡೆ. "ಬೈಲುಮನೆಯವರದ್ದು." "ಕುಂಬಳೆಯ ಗದ್ದೆದು, ಸಾಲಕ್ಕೆ ಅಂತ ಮಾಡಿಸಿದ್ದು." "ನಮ್ಮ ಅಜ್ಜನ ಪತ್ರ." ಒಂದು ತಿಂಗಳಲ್ಲಿ ಸರ್ವೆ ನಂಬರ್ ಮೊದಲು ಹೇಳಿದವರು ಒಬ್ಬರೂ ಇಲ್ಲ. ವಕೀಲರ ಗುಮಾಸ್ತರು ಮಾತ್ರ ಕೇಸ್ ನಂಬರ್ ಹೇಳುತ್ತಿದ್ದರು. ಉಳಿದವರೆಲ್ಲ ಊರು ಮತ್ತು ಮನೆ ಹೆಸರು.

ಈಗ ನನ್ನಲ್ಲಿ ಒಂದು ಮನೆಗೆ ಒಂದೇ ಫೋಲ್ಡರ್. ಹೆಸರು ಊರು, ಮನೆ. ಭಾಷೆ ಯಾವುದೇ ಇರಲಿ, ಎಲ್ಲ ಅದರೊಳಗೆ. ಒಳಗಿನ ಫೈಲಿಗೆ ಮೊದಲು ವರ್ಷ, ಆಮೇಲೆ ತಿಂಗಳು, ದಿನ: '1948-06-12 ಪಾಲುಪಟ್ಟಿ ಕನ್ನಡ ಮೂಲ'. ದಿನ ಮೊದಲು ಬರೆದರೆ 1948ರದ್ದು 2003ರದ್ದರ ಪಕ್ಕದಲ್ಲಿ ಹೋಗಿ ಕೂರುತ್ತದೆ. ಹಾಕುವುದು ಪತ್ರದ ತಾರೀಕು, ನಾನು ಕೆಲಸ ಮಾಡಿದ ದಿನದ್ದಲ್ಲ. ಇದರಿಂದ ನಾನು ನೆನೆಸದ ಒಂದು ಉಪಕಾರ ಆಯಿತು. ಫೋಲ್ಡರ್ ತೆರೆದರೆ ಆ ಜಾಗದ ಕಥೆ ಮೇಲಿನಿಂದ ಕೆಳಗೆ ಸಾಲಾಗಿ ಕಾಣುತ್ತದೆ. ನಡುವಿನ ಒಂದು ಆಧಾರ ಇಲ್ಲದಿದ್ದರೆ ಆಗಲೇ ಗೊತ್ತಾಗುತ್ತದೆ. "ಇದಕ್ಕೆ ಮೊದಲಿನ ಪತ್ರ ಮನೆಯಲ್ಲಿ ಉಂಟಾ ನೋಡಿ" ಅಂತ ಕೆಲಸ ಶುರುವಾಗುವ ಮೊದಲೇ ಹೇಳಬಹುದು. ಕೆಲವು ಹಳೆ ಕಾಗದದಲ್ಲಿ ಸಂವತ್ಸರದ ಹೆಸರು ಮಾತ್ರ ಇರುತ್ತದೆ. ಅದು 60 ವರ್ಷಕ್ಕೊಮ್ಮೆ ತಿರುಗಿ ಬರುತ್ತದೆ. ಕ್ರೋಧಿ ಅಂದರೆ 1904 ಆಗಬಹುದು, 1964 ಆಗಬಹುದು. ಪತ್ರದೊಳಗಿನ ಬೇರೆ ಗುರುತು ನೋಡಿ ಇಸವಿ ಖಚಿತ ಮಾಡಿಕೊಂಡೇ ಹೆಸರಿಡುತ್ತೇನೆ.

ಊರ ಹೆಸರಿನದ್ದು ಇನ್ನೊಂದು ತೊಡಕು. ನಮ್ಮ ಬದಿಯಡ್ಕ ಮಲಯಾಳದಲ್ಲಿ ಬದಿಯಡುಕ್ಕ. ಕುಂಬಳೆ ಅಲ್ಲಿ ಕುಂಬಳ, ಮಂಜೇಶ್ವರ ಮಂಜೇಶ್ವರಂ. ಇಂಗ್ಲಿಷಿನಲ್ಲಂತೂ ಒಂದೊಂದು ಕಾಗದದಲ್ಲಿ ಒಂದೊಂದು ತರ. ಒಂದು ಪಟ್ಟಿ ಮಾಡಿ ಗೋಡೆಗೆ ಅಂಟಿಸಿದೆ. ಕಾಗದದಲ್ಲಿ ಹೇಗೇ ಇರಲಿ, ಫೈಲಿಗೆ ಕನ್ನಡದ ಹೆಸರು, ಅದೇ ಅಕ್ಷರ. ಸರ್ವೆ ನಂಬರಿನ ಓರೆಗೆರೆಗೆ ಬದಲು ಅಡ್ಡಗೆರೆ, 128-2.

ಕಂಪ್ಯೂಟರೇ ಹುಡುಕಿ ಕೊಡುತ್ತದಲ್ಲ, ಇದೆಲ್ಲ ಯಾಕೆ ಅಂತ ಕೇಳುವವರಿದ್ದಾರೆ. ನಮ್ಮ ಭಾಷೆಗಳಲ್ಲಿ ಅದನ್ನೇ ನಂಬಿ ಕೂರಬೇಡಿ. ಎಲ್ಲ ಭಾಷೆಯ ಅಕ್ಷರಗಳಿಗೂ ಅದರದ್ದೇ ಸಂಕೇತ ಕೊಡುವ ಯೂನಿಕೋಡ್ ನಮ್ಮಲ್ಲಿ ಬಳಕೆಗೆ ಬರುವ ಮೊದಲು ನುಡಿ ಫಾಂಟಿನಲ್ಲಿ ಟೈಪ್ ಮಾಡಿದ ಫೈಲುಗಳು ಪರದೆ ಮೇಲೆ ಕನ್ನಡ. ಒಳಗೆ ಇರುವುದು ಇಂಗ್ಲಿಷ್ ಅಕ್ಷರಗಳ ಸಂಕೇತ. ಈಗ ಯೂನಿಕೋಡಿನಲ್ಲಿ 'ಪಾಲುಪಟ್ಟಿ' ಅಂತ ಹುಡುಕಿದರೆ ಅವು ಸಿಗುವುದಿಲ್ಲ. ಮಲಯಾಳದಲ್ಲಿ ಚಿಲ್ಲಕ್ಷರಗಳಿಗೆ, ಅಂದರೆ ಸ್ವರ ಸೇರದ ವ್ಯಂಜನಗಳಿಗೆ, ಯೂನಿಕೋಡಿನಲ್ಲಿ ಬೇರೆಯೇ ಸಂಕೇತ ಬಂದದ್ದು 2008ರಲ್ಲಿ. ಅದಕ್ಕಿಂತ ಮೊದಲು ಟೈಪ್ ಮಾಡಿದ ಮಾತು ಕಣ್ಣಿಗೆ ಒಂದೇ ತರ ಕಂಡರೂ ಹುಡುಕುವಾಗ ಬೇರೆ ಆಗಬಹುದು. ಆದ್ದರಿಂದ ಹಳೆ ಫೈಲಿನ ಒಳಗೆ ಏನೇ ಇರಲಿ, ಹೆಸರನ್ನು ಯೂನಿಕೋಡಿನಲ್ಲಿ ಹೊಸದಾಗಿ ಇಟ್ಟೆ.

ನಾನು ಎಲ್ಲಕ್ಕಿಂತ ಜೋಪಾನ ಮಾಡುವುದು ಪದಗಳ ನೋಟ್ಸ್. ಅದು ಒಂದೇ ಫೈಲ್, ಕನ್ನಡ ಅಕ್ಷರಮಾಲೆಯ ಸಾಲಿನಲ್ಲಿ. ಮಲಯಾಳದ 'ನಿಲಂ' ಕೇಳಲು ನಮ್ಮ 'ನೆಲ'ದ ಹಾಗೆ ಇದೆ. ಆದರೆ ಕಂದಾಯ ದಾಖಲೆಯಲ್ಲಿ ಅದು ಭತ್ತದ ಗದ್ದೆ. ಕೇರಳದಲ್ಲಿ ಗದ್ದೆ ಉಳಿಸಲು 2008ರ ಕಾನೂನು ಇದೆ, ಗದ್ದೆಯಲ್ಲಿ ಸುಮ್ನೆ ಹೋಗಿ ಮನೆ ಕಟ್ಟುವ ಹಾಗಿಲ್ಲ. ಅನುವಾದದಲ್ಲಿ 'ನೆಲ' ಅಂತ ಬರೆದರೆ ಜಾಗ ಕೊಳ್ಳುವವರ ಗತಿ ಏನು? 'ಪುಂಜ' ಇನ್ನೂ ಕಷ್ಟದ್ದು. ನಮ್ಮ ಹಳೆ ಪತ್ರದ ನಂಜ, ಪುಂಜ, ಬಾಗಾಯ್ತು ಎಂಬ ಮೂರರಲ್ಲಿ ಪುಂಜ ಒಣ ಜಾಗ. ಮಲಯಾಳದಲ್ಲಿ ಪುಂಜ ಅಂದರೆ ಬೇಸಿಗೆಯ ಭತ್ತದ ಬೆಳೆ. ಇಂತಹ ಪದ ಸಿಕ್ಕಿದ ದಿನವೇ, ಯಾವ ಪತ್ರದಲ್ಲಿ ಸಿಕ್ಕಿತು ಅನ್ನುವುದರ ಜೊತೆ ಬರೆದಿಡುತ್ತೇನೆ. ನಾಳೆ ಬರೆಯೋಣ ಅಂದ ಪದ ಮತ್ತೆ ನೆನಪಾಗುವುದಿಲ್ಲ.

ಪ್ರತಿ ಇಟ್ಟುಕೊಳ್ಳುವ ಮೊದಲು ಮನೆಯವರ ಒಪ್ಪಿಗೆ ಕೇಳುತ್ತೇನೆ. ಬೇಡ ಅಂದವರದ್ದನ್ನು ಅಳಿಸುತ್ತೇನೆ. ಶನಿವಾರ ಎಲ್ಲವೂ ಹೊರಗಿನ ಡಿಸ್ಕಿಗೆ ಹೋಗುತ್ತದೆ, ಡಿಸ್ಕ್ ಮನೆಗೆ ಬರುತ್ತದೆ.

ಕಳೆದ ತಿಂಗಳು ಆ ಅಜ್ಜಿಯ ಮೊಮ್ಮಗ ಮಂಗಳೂರಿನಿಂದ ಬಂದಿದ್ದ. ಮನೆ ಹೆಸರು ಕೇಳಿದೆ. "ಗೊತ್ತಿಲ್ಲ ಅಂಕಲ್" ಅಂದು, ಮೊಬೈಲಿನಲ್ಲಿ ತೆರಿಗೆ ರಶೀದಿಯ ಫೋಟೋ ತೋರಿಸಿದ. ಅದರಲ್ಲಿ ಇದ್ದದ್ದು ತಂಡಪೇರ್ ನಂಬರ್, ಅಂದರೆ ಜಾಗದ ತೆರಿಗೆ ಖಾತೆಯ ನಂಬರ್. ಅಜ್ಜಿಗೆ ಫೋನ್ ಮಾಡಿಸಿ ಮನೆ ಹೆಸರು ತಿಳಿದುಕೊಂಡ ಮೇಲೆ ಎರಡು ನಿಮಿಷದಲ್ಲಿ ಪತ್ರ ಸಿಕ್ಕಿತು. ಆದರೆ ಮುಂದೆ ಬರುವವರು ಹೆಚ್ಚಾಗಿ ಅವನ ವಯಸ್ಸಿನವರೇ. ಮನೆಗಳ ಪಟ್ಟಿಯಲ್ಲಿ ಈಗ ತಂಡಪೇರ್ ನಂಬರಿಗೆ ಒಂದು ಕಾಲಂ ಹಾಕಿದ್ದೇನೆ. ದಿನಕ್ಕೆ ಐದು ಮನೆಯಂತೆ ತುಂಬುತ್ತಿದ್ದೇನೆ. ಬದಿಯಡ್ಕ ಮುಗಿಯಿತು, ಕುಂಬಳೆ ನಡೆಯುತ್ತಿದೆ.