524ರ ಕೆಳಗೆ

26 ಅಕ್ಟೋಬರ್ 2025, ಭಾನುವಾರ
ಬಾಗಲಕೋಟೆ

ಆಲಮಟ್ಟಿ ಹಿನ್ನೀರು ತುಂಬಿ ನಿಂತಿದೆ. ಅಂದ್ರೆ ಸಮುದ್ರ ಮಟ್ಟದಿಂದ 519.60 ಮೀಟರ್. ಅಣೆಕಟ್ಟಿನ ಗೇಟು ಎತ್ತರಿಸಿದರೆ ನೀರು 524.256ಕ್ಕೆ ಬರುತ್ತದೆ. ರಾಜ್ಯಗಳಿಗೆ ಕೃಷ್ಣೆಯ ನೀರು ಹಂಚುವ ನ್ಯಾಯಮಂಡಳಿ ಈ ಎತ್ತರಕ್ಕೆ ಒಪ್ಪಿದ್ದು 2010ರಲ್ಲಿ. ಗೇಟು ಇನ್ನೂ ಏರಿಲ್ಲ. ಆದರೆ ಘಟಪ್ರಭೆ ದಂಡೆಯ ಊರುಗಳಲ್ಲಿ ಜನ ಗೋಡೆ ಬಿರುಕು ಬಿಟ್ಟರೆ ಮಣ್ಣು ಮೆತ್ತುತ್ತಾರೆಯೇ ಹೊರತು ಹೊಸ ಗೋಡೆ ಕಟ್ಟಲ್ಲ. ಹೇಗಿದ್ರೂ ಮುಳುಗೋದೇ ಅಲ್ವಾ.

ಮುಳುಗಡೆ ಫೋಟೋ ಅಂದ್ರೆ ಎಲ್ಲರಿಗೂ ಬೇಕಾದ್ದು ಒಂದೇ. ಅರ್ಧ ಮುಳುಗಿದ ಗುಡಿ, ಹಿಂದೆ ಕೆಂಪು ಸೂರ್ಯ, ಪಕ್ಕದಲ್ಲೊಂದು ಬೆಳ್ಳಕ್ಕಿ. ನಾನೂ ತೆಗೆದಿದ್ದೇನೆ, ಲೈಕು ಚೆನ್ನಾಗಿ ಬರುತ್ತವೆ. ಆದರೆ ಯಾರ ಹೊಲ ಹೋಯ್ತು ಅನ್ನೋದು ಅದರಲ್ಲಿ ಕಾಣಲ್ಲ. ಇನ್ನೂ ಬಾರದ ನೀರನ್ನಂತೂ ತೋರಿಸೋದು ಹೇಗೆ?

ಇವತ್ತು ಒಂದು ದಾರಿ ಹಿಡಿದು ನೋಡಿದೆ. ಎರಡು ಮಟ್ಟಗಳ ನಡುವೆ ಇರೋದು 4.656 ಮೀಟರ್, ಹೆಚ್ಚೂಕಮ್ಮಿ 15 ಅಡಿ. ಕ್ಯಾಮೆರಾವನ್ನು ಈಗಿನ ನೀರಿಗಿಂತ 15 ಅಡಿ ಮೇಲಿಟ್ಟು, ಲೆನ್ಸನ್ನು ಮೇಲಕ್ಕೂ ಕೆಳಕ್ಕೂ ವಾಲಿಸದೆ ನೇರ ಹಿಡಿದರೆ, ಚಿತ್ರದ ನಟ್ಟನಡುವೆ ಅಡ್ಡ ಹಾಯುವ ಗೆರೆಯೇ 524. ಅದರ ಕೆಳಗೆ ಬಂದ ನೆಲವೆಲ್ಲ ನೀರಿಗೆ.

ಒಂದು ಊರಿನ ಹೊರಗೆ ದಂಡೆಯಲ್ಲಿ ಹಳೇ ಪಂಪ್‌ಹೌಸ್ ಇದೆ. (ಊರಿನ ಹೆಸರು ಬರೆಯಲ್ಲ. ಪರಿಹಾರದ ಸುದ್ದಿ ಬಂದಾಗಿನಿಂದ ಅಲ್ಲಿ ದಲ್ಲಾಳಿಗಳು ಜಾಸ್ತಿ.) ಅದರ ಒಂದು ಗೋಡೆ ನೀರಲ್ಲೇ ನಿಂತಿದೆ. ಮೇಲೆ ಹತ್ತಿ, ಹಗ್ಗಕ್ಕೆ ಕಲ್ಲು ಕಟ್ಟಿ ನೀರು ಮುಟ್ಟುವವರೆಗೆ ಇಳಿಬಿಟ್ಟೆ. ಹತ್ತಡಿ ಚಿಲ್ಲರೆ. ಉಳಿದದ್ದನ್ನು ಟ್ರೈಪಾಡ್ ತುಂಬಿಕೊಟ್ಟಿತು. ಕ್ಯಾಮೆರಾದ ಲೆವೆಲ್ ಹಸಿರಾಗುವವರೆಗೆ ಕಾಲು ಹೊಂದಿಸಿ ಊರ ಕಡೆ ತಿರುಗಿಸಿದೆ. ಕಬ್ಬು ಪೂರ್ತಿ ಗೆರೆಯ ಕೆಳಗೆ. ದನದ ಕೊಟ್ಟಿಗೆ ಕೆಳಗೆ. ಕರೆಂಟ್ ಕಂಬದ ಮೇಲ್ಭಾಗ ಮಾತ್ರ ಹೊರಗೆ. ಊರಂಚಿನ ಮನೆಯ ಬಾಗಿಲು ಹೊಸ್ತಿಲಿಂದ ಚಿಲಕದವರೆಗೆ ಕೆಳಗೆ, ಚಿಲಕದಿಂದ ಮಾಳಿಗೆವರೆಗೆ ಮೇಲೆ.

ಹೊಲದ ಯಜಮಾನರು ಹತ್ತಿ ಬಂದರು. ಸ್ಕ್ರೀನ್ ತೋರಿಸಿದೆ.

"ಕಾಕಾ, ಈ ಗೆರಿ ನೋಡ್ರಿ. ಇಲ್ಲೀತನಕ ನೀರು ಬರ್ತೈತಿ."

ಕಣ್ಣು ಕಿರಿದು ಮಾಡಿ ನೋಡಿದರು. "ಕಬ್ಬು ಹೋಗೂದು ಗೊತ್ತಿತ್ತು ತಮ್ಮಾ. ಆ ಬೇವಿನಗಿಡದ ಬುಡಾ ಸೈತ ಒಳಗ ಬರ್ತೈತೇನು?"

ಬರುತ್ತದೆ ಅಂದೆ. ಅವರ ಅಳುಕು ಬೇರೆ ಇತ್ತು. ಸೆಪ್ಟೆಂಬರ್‌ನಲ್ಲಿ ರಾಜ್ಯ ಸಚಿವ ಸಂಪುಟ ಮುಳುಗಡೆಯ 75,563 ಎಕರೆಗೆ ದರ ತೀರ್ಮಾನಿಸಿತಲ್ಲ, ನೀರಾವರಿ ಎಕರೆಗೆ 40 ಲಕ್ಷ, ಒಣಭೂಮಿಗೆ 30 ಲಕ್ಷ. ಇವರು ಸ್ವಂತ ಖರ್ಚಿನಲ್ಲಿ ಪೈಪ್ ಎಳೆದು ನೀರು ಹಾಯಿಸಿದವರು. ನಾಳೆ ಅಳೆಯೋಕೆ ಬಂದವರು ಒಣ ಅಂತ ಬರೆದುಬಿಟ್ಟರೆ? ಒಂದೊಂದು ಎಕರೆಗೂ 10 ಲಕ್ಷದ ಮಾತು.

"ಚಂದಂದು ಆಮ್ಯಾಲೆ ತಗೀ. ಮೊದಲ ನನ್ನ ಪೈಪ್‌ಲೈನ್ ತಗೀ. ನೀರು ಬೀಳೂದು ಕಾಣ್ಬೇಕು" ಅಂದರು.

ಸರಿ, ಇಳಿದೆ. ಮೋಟಾರು ಹಾಕಿಸಿದರು. ಪೈಪಿನ ಬಾಯಿ, ಕಾಲುವೆಯಲ್ಲಿ ಹರಿಯುವ ನೀರು, ಸ್ಟಾರ್ಟರ್ ಡಬ್ಬಿ, ಮೀಟರಿನ ನಂಬರು. ಬದುವಿನ ಒಂದೊಂದು ತೆಂಗಿನ ಬುಡಕ್ಕೂ ತಾವೇ ಹೋಗಿ ನಿಂತರು, ಟವೆಲ್ ಸರಿಮಾಡಿಕೊಂಡು. ಬೇವಿನ ಬುಡಕ್ಕೆ ಮನೆಯವರನ್ನೂ ಕರೆದರು. ಇಷ್ಟೊತ್ತಿಗೆ ಸಂಜೆ ಬೆಳಕು ಮುಗಿದೇ ಹೋಗಿತ್ತು. ನೀರಿನ ಮೇಲೆ ಕೆಂಪು ಹರಡಿದಾಗ ನಾನು ಫ್ಲ್ಯಾಶ್ ಹಾಕಿ ಬೋರ್‌ವೆಲ್ ತೆಗೆಯುತ್ತಿದ್ದೆ.

ಎಲ್ಲದರ ಮೇಲೂ ತಾರೀಖು ಬರೋ ಹಾಗೆ ಪ್ರಿಂಟ್ ಹಾಕಿಸಬೇಕಂತೆ, ಎರಡೆರಡು ಕಾಪಿ. ಪಕ್ಕದ ಹೊಲದವರೂ ನಂಬರ್ ತಗೊಂಡಿದ್ದಾರೆ. ಅವರದು ದಾಳಿಂಬೆ ತೋಟ, ಗಿಡ ಎಣಿಸಿ ತೆಗೀಬೇಕು ಅಂದಿದ್ದಾರೆ.