ಗಾಳಿ ಯಾವ ಕಡೆಯಿಂದ?

ಹಕ್ಕಿ ನೋಡುತ್ತ ಬೆಳೆದು ವಾಯುಪಡೆ ಸೇರಿ ವಿಮಾನ ಹಾರಿಸಿದ ನಮ್ಮ ಬೀದರ್ ಹುಡುಗನ ನೋಟ್‌ಬುಕ್ಕು ಈಗ ಅವನ ಅವ್ವನ ಟ್ರಂಕಿನಲ್ಲಿದೆ. ಇನ್ನೂರು ಪುಟದ ಉದ್ದನೆಯ ಪುಸ್ತಕ, ಕಂದು ಕಾಗದದ ಹೊದಿಕೆ. ಹಕ್ಕಿ ನೋಡುವವರು ಸಾಮಾನ್ಯವಾಗಿ ಮೊದಲು ಹಕ್ಕಿಯ ಹೆಸರು ಬರೆಯುತ್ತಾರೆ. ಇವನ ಪುಸ್ತಕದಲ್ಲಿ ಮೊದಲ ಕಾಲಂ ಗಾಳಿಯದು. ಆಮೇಲೆ ಸಮಯ, ಮೋಡ, ಹಕ್ಕಿ, ಎಣಿಕೆ, ಎತ್ತರ, ಕೊನೆಗೆ ‘ಏನು ಮಾಡ್ತಿತ್ತು’. ಎತ್ತರ ಬರೆಯಲು ಅವನು ಅಡಿ, ಮೀಟರ್ ಬಳಸುತ್ತಿರಲಿಲ್ಲ, ಕರೆಂಟ್ ಕಂಬದ ಲೆಕ್ಕ ಇಟ್ಟಿದ್ದ. ‘ಹದ್ದು 3, ಎತ್ತರ 5 ಕಂಬ’ ಎಂದರೆ ಯಾರಿಗೂ ತಿಳಿಯುತ್ತದೆ. ಕಣ್ಣಳತೆಯಲ್ಲಿ ಅಡಿ ಬರೆದರೆ ಒಬ್ಬೊಬ್ಬರದು ಒಂದೊಂದು ಲೆಕ್ಕವಾಗುತ್ತದೆ.

ಗಾಳಿಯನ್ನು ಮೊದಲು ನೋಡುವ ರೂಢಿ ಬಂದದ್ದು ಅಜ್ಜನಿಂದ. ಕಣದಲ್ಲಿ ಜೋಳ ತೂರುವ ಮುಂಚೆ ಅಜ್ಜ ಒಂದು ಹಿಡಿ ಹೊಟ್ಟು ಎತ್ತಿ ಬಿಡುತ್ತಿದ್ದರು. ಅದು ಹಾರಿದ ದಿಕ್ಕು ನೋಡಿಕೊಂಡೇ ಮೊರ ಹಿಡಿದು ನಿಲ್ಲುತ್ತಿದ್ದರು. ಮೊಮ್ಮಗ ಹೊಟ್ಟಿನ ಬದಲು ಒಣ ಮಣ್ಣು ಉದುರಿಸುತ್ತಿದ್ದ, ಅಷ್ಟೇ ವ್ಯತ್ಯಾಸ.

ಬೀದರ್‌ನಲ್ಲಿ ಬೆಳೆದ ಮಕ್ಕಳಿಗೆ ವಿಮಾನದ ಸದ್ದು ಹೊಸದಲ್ಲ. ಆಕಾಶದಲ್ಲಿ ಕಸರತ್ತು ತೋರುವ ವಾಯುಪಡೆಯ ಸೂರ್ಯಕಿರಣ್ ತಂಡ 1996ರಲ್ಲಿ ಹುಟ್ಟಿದ್ದು ಇಲ್ಲಿನ ವಾಯುನೆಲೆಯಲ್ಲೇ. 2008ರಿಂದ ಪೈಲಟ್‌ಗಳ ತರಬೇತಿಯ ಹಾಕ್ ಜೆಟ್ ವಿಮಾನಗಳು ಇಲ್ಲಿ ಹಾರುತ್ತಿವೆ. ಮಾಳಿಗೆ ಮೇಲೆ ನಿಂತು ಅವುಗಳನ್ನು ನೋಡಿದ ಹುಡುಗರು ನೂರಾರು. ಇವನು ವಿಮಾನ ಹೋದ ಮೇಲೂ ನಿಂತು, ಚದುರಿದ ಹಕ್ಕಿಗಳು ಎಷ್ಟು ಹೊತ್ತಿಗೆ ಮರಳಿ ಬಂದವು ಎಂದು ಬರೆದುಕೊಳ್ಳುತ್ತಿದ್ದ.

ಪಿಯುಸಿಯಲ್ಲಿ ಭೌತಶಾಸ್ತ್ರ, ಗಣಿತ ಓದಿ, ಸೇನಾಧಿಕಾರಿಗಳನ್ನು ತಯಾರಿಸುವ ಅಕಾಡೆಮಿ ಎನ್‌ಡಿಎಯ ಪ್ರವೇಶ ಪರೀಕ್ಷೆ ಬರೆದ. ಪೈಲಟ್ ಆಗಲು ಹೋಗುವವರು ಒಂದು ಮಾತು ತಿಳಿದಿರಬೇಕು. ಪೈಲಟ್ ಯೋಗ್ಯತಾ ಪರೀಕ್ಷೆಗೆ ಜೀವನದಲ್ಲಿ ಒಂದೇ ಅವಕಾಶ. ಅದರಲ್ಲಿ ತಪ್ಪಿದರೆ ಮತ್ತೆ ಕೂರುವಂತಿಲ್ಲ. ಬಣ್ಣಗಳನ್ನು ಗುರುತಿಸುವಲ್ಲಿ ದೋಷವಿದ್ದರೂ ಆಗದು. ಎತ್ತರ ಕನಿಷ್ಠ 162.5 ಸೆಂ.ಮೀ. ಇರಬೇಕು. ತೊಡೆಯ ಉದ್ದವನ್ನೂ ಅಳೆಯುತ್ತಾರೆ, ಅದು 64 ಸೆಂ.ಮೀ. ಮೀರಬಾರದು. ತೊಡೆ ಉದ್ದವಾದರೆ, ಅಪಾಯದಲ್ಲಿ ಪೈಲಟ್ ಸೀಟು ಸಮೇತ ವಿಮಾನದಿಂದ ಹೊರಕ್ಕೆ ಚಿಮ್ಮುವಾಗ ಮೊಣಕಾಲು ಮುಂದಿನ ಫಲಕಕ್ಕೆ ಬಡಿಯುತ್ತದೆ. ಖಡಕ್‌ವಾಸ್ಲಾದ ಎನ್‌ಡಿಎಯಲ್ಲಿ ಮೂರು ವರ್ಷ, ದುಂಡಿಗಲ್‌ನ ವಾಯುಪಡೆ ಅಕಾಡೆಮಿಯಲ್ಲಿ ಪಿಲಾಟಸ್ ತರಬೇತಿ ವಿಮಾನ, ಆಮೇಲೆ ಹಾಕ್ ಕಲಿಯಲು ತಿರುಗಿ ಬೀದರ್‌ಗೇ ಬಂದ.

ಆಗಿನ ಒಂದು ಡಿಸೆಂಬರ್ ಭಾನುವಾರ ಅವನ ಜೊತೆ ನಾಲ್ವರು ಹೊನ್ನಿಕೇರಿ ಕಡೆ ಹೋಗಿದ್ದೆವು. ತೊಗರಿ ಕಾಯಿ ಕಟ್ಟಿತ್ತು. ದೂರದಲ್ಲಿ ಚಿಗರಿ ಹಿಂಡು ಮೇಯುತ್ತಿತ್ತು. ಹೊಲದ ಮೇಲೆ ಎರಡು ಕಂಬದೆತ್ತರದಲ್ಲಿ ಒಂದು ರಾಮದಾಸ ಹದ್ದು ಗಾಳಿಗೆ ಎದುರಾಗಿ ನಿಂತಿತ್ತು. ಕಾಗೆಯಷ್ಟು ಗಾತ್ರ, ಬೂದು ಮೈ, ಕೆಂಪು ಕಣ್ಣು, ಭುಜದ ಮೇಲೆ ಕಪ್ಪು ಪಟ್ಟಿ.

“ಕಾಕಾ, ತಲಿ ನೋಡ್ರಿ. ರೆಕ್ಕಿ ಬಡೀತದ, ತಲಿ ಮಾತ್ರ ಅಲ್ಲಾಡಂಗಿಲ್ಲ,” ಎಂದ.

ನಿಜವೇ. ರೆಕ್ಕೆ, ಬಾಲ ಎರಡೂ ಪ್ರತಿಕ್ಷಣ ಹೊಂದಿಕೊಳ್ಳುತ್ತಿದ್ದವು, ತಲೆ ಮಾತ್ರ ಗೂಟಕ್ಕೆ ಕಟ್ಟಿದಂತೆ ಸ್ಥಿರ. ಇಲಿ ಕಂಡೊಡನೆ ರೆಕ್ಕೆಗಳನ್ನು ಮೇಲಕ್ಕೆತ್ತಿ ಕಾಲು ಇಳಿಬಿಟ್ಟು ತೊಗರಿಯೊಳಗೆ ಇಳಿಯಿತು.

ಅಲ್ಲೇ ಬದುವಿನ ಮೇಲೆ ಕೂತು, ಅಂಗೈಯನ್ನೇ ರೆಕ್ಕೆ ಮಾಡಿಕೊಂಡು ‘ಸ್ಟಾಲ್’ ಎಂದರೇನು ಎಂದು ತೋರಿಸಿದ. ಬರುವ ಗಾಳಿಗೆ ರೆಕ್ಕೆ ಸ್ವಲ್ಪ ಓರೆಯಾದಷ್ಟೂ ಎತ್ತುವ ಬಲ ಹೆಚ್ಚು. ಸುಮಾರು 15 ಡಿಗ್ರಿ ದಾಟಿದರೆ ಮೇಲ್ಮೈಗೆ ಅಂಟಿ ಹರಿಯುತ್ತಿದ್ದ ಗಾಳಿ ಕಿತ್ತುಕೊಳ್ಳುತ್ತದೆ, ಬಲ ಕುಸಿಯುತ್ತದೆ. ವಿಮಾನ ಕುಸಿದಾಗ ಹೊಸಬರ ಕೈ ತಾನಾಗಿ ವಿಮಾನ ನಡೆಸುವ ಕಡ್ಡಿಯನ್ನು ಹಿಂದಕ್ಕೆ ಎಳೆಯುತ್ತದೆ, ಮೇಲೇರಬೇಕೆಂಬ ಆಸೆಗೆ. ಹಾಗೆ ಎಳೆದರೆ ಓರೆ ಇನ್ನೂ ಹೆಚ್ಚಿ ಇನ್ನೂ ಕುಸಿಯುತ್ತದೆ. ನೆಲ ಎದುರಿಗೆ ಕಾಣುತ್ತಿದ್ದರೂ ಕಡ್ಡಿಯನ್ನು ಮುಂದಕ್ಕೆ ಒತ್ತಿ ಮೂತಿ ಇಳಿಸಬೇಕು. ಓರೆ ಕಡಿಮೆಯಾಗಿ ಗಾಳಿ ಮತ್ತೆ ಅಂಟಿಕೊಂಡ ಮೇಲೆ ಮೆಲ್ಲಗೆ ಎತ್ತಬೇಕು. ಇದನ್ನು ಹೇಳುವಾಗ ಅವನ ದನಿ ಇಳಿದಿತ್ತು, ಕೈ ಮಾತ್ರ ನಿಖರವಾಗಿ ಆಡುತ್ತಿತ್ತು.

ಒಂಬತ್ತೂವರೆಗೆ ಬಿಸಿಲು ಚುರುಕಾಯಿತು. ಕೆಂಪು ಜಂಬಿಟ್ಟಿಗೆ ನೆಲ ಬೇಗ ಕಾಯುತ್ತದೆ, ಕಾದ ಗಾಳಿ ಕಂಬದಂತೆ ಮೇಲೇಳುತ್ತದೆ. ಊರ ಕಡೆಯಿಂದ ಹದ್ದುಗಳು ಒಂದೊಂದಾಗಿ ಅದರಲ್ಲಿ ಸುತ್ತು ಹಾಕುತ್ತ ಏರತೊಡಗಿದವು. ಅವನು ಎಣಿಸುವ ರೀತಿ ಕಲಿಯುವಂಥದ್ದು. ಮೊದಲು ಹತ್ತನ್ನು ಸರಿಯಾಗಿ ಎಣಿಸಿ, ಆ ಹತ್ತು ಆಕಾಶದಲ್ಲಿ ಎಷ್ಟು ಜಾಗ ಹಿಡಿದಿವೆ ನೋಡಿಕೊಂಡು, ಅಂಥ ಜಾಗ ಎಷ್ಟಿವೆ ಎಂದು ಲೆಕ್ಕ ಹಾಕುತ್ತಿದ್ದ. ಅಂದು ನಲವತ್ತು ದಾಟಿತು.

ಅಷ್ಟೊಂದು ಹದ್ದು ಯಾಕೆ ಎಂದು ಕೇಳಿದ್ದಕ್ಕೆ, ಎಲ್ಲಿ ಮಾಂಸದ ಕಸ ಬಯಲಿಗೆ ಬೀಳುತ್ತದೋ ಅಲ್ಲಿಂದ ಏಳುತ್ತವೆ ಎಂದ. ಹದ್ದಿನ ತೂಕ ಮುಕ್ಕಾಲು ಕೆಜಿ ಎಂದಿಟ್ಟುಕೊಳ್ಳಿ. ಗಂಟೆಗೆ 360 ಕಿ.ಮೀ. ವೇಗದ ವಿಮಾನಕ್ಕೆ ಅದು ಬಡಿದರೆ, 50 ಕೆಜಿ ಜೋಳದ ಚೀಲ ಏಳೂವರೆ ಮೀಟರ್ ಮೇಲಿಂದ ಬಿದ್ದಷ್ಟು ಪೆಟ್ಟು. ವೇಗ ಎರಡರಷ್ಟಾದರೆ ಪೆಟ್ಟು ನಾಲ್ಕರಷ್ಟು. ಹಾಕ್‌ಗೆ ಇರುವುದು ಒಂದೇ ಎಂಜಿನ್. ಹಕ್ಕಿ ಅದರೊಳಗೆ ಹೋದರೆ ಮುಂದೆ ತಿರುಗುವ ಬ್ಲೇಡುಗಳು ಬಾಗಿ ಗಾಳಿಯ ಹರಿವು ಕೆಡುತ್ತದೆ, ಢಬ್ ಢಬ್ ಎಂದು ಸದ್ದಾಗುತ್ತದೆ, ಶಾಖ ಏರಿ ತಳ್ಳುವ ಬಲ ಬೀಳುತ್ತದೆ. ಆಗ ಇರುವ ವೇಗವನ್ನು ಎತ್ತರಕ್ಕೆ ಮಾರ್ಪಡಿಸಿಕೊಂಡು ಯೋಚಿಸಲು ಸಮಯ ಗಳಿಸಬೇಕು. ಹಕ್ಕಿ ಎದುರು ಕಂಡರೂ ವಿಮಾನವನ್ನು ಮೇಲಕ್ಕೇ ಎತ್ತಬೇಕು, ಯಾಕೆಂದರೆ ಬೆದರಿದ ಹಕ್ಕಿ ಹೆಚ್ಚಾಗಿ ಕೆಳಕ್ಕೆ ಧುಮುಕುತ್ತದೆ.

ವಿಮಾನ ನೆಲೆಯಿಂದ 10 ಕಿ.ಮೀ. ಒಳಗೆ ಪ್ರಾಣಿ ಕಡಿದು ಕಸ ಎಸೆಯುವುದನ್ನು 1937ರ ವಿಮಾನ ನಿಯಮಗಳೇ ತಡೆದಿವೆ. ಅವನು ನಿಯಮ ಹೇಳಲು ಹೋಗಲಿಲ್ಲ. ಆ ಸಂಜೆ ತನ್ನ ಓಣಿಯ ಮಾಂಸದಂಗಡಿಗೆ ಹೋಗಿ, ತಾನು ಇದೇ ಊರ ಮೇಲೆ ಹಾರುವವನು ಎಂದಷ್ಟೇ ಹೇಳಿ, ಮುಚ್ಚಳದ ಡ್ರಮ್ ಇಡಲು ಕೇಳಿದ. ಹದ್ದುಗಳ ಮೇಲೆ ಅವನಿಗೆ ಸಿಟ್ಟಿರಲಿಲ್ಲ. ಅವು ಸಾಯಬಾರದು ಎಂಬುದೂ ಅವನ ಕೇಳಿಕೆಯೊಳಗಿತ್ತು.

ಇಪ್ಪತ್ತೇಳಕ್ಕೆ ಅವನು ಹೋದ. ವಿಮಾನದಿಂದಲ್ಲ, ಕಾಯಿಲೆಯಿಂದ. ಆ ಭಾನುವಾರದ ಪುಟದಲ್ಲಿ ‘ಗಾಳಿ ಈಶಾನ್ಯ, ಎಲೆ ಅಲ್ಲಾಡುವಷ್ಟು’ ಎಂದು ಶುರುವಾಗಿ ಹದ್ದು 40+ ಎಂದಿದೆ.

ಅಂಗಡಿಯವರು ಡ್ರಮ್ ಇಟ್ಟರು. ಮೊದಲ ವಾರ ನಾಯಿಗಳು ಉರುಳಿಸಿ ಮುಚ್ಚಳ ಕಿತ್ತವು. ಈಗ ಅದನ್ನು ಕರೆಂಟ್ ಕಂಬಕ್ಕೆ ಸರಪಳಿ ಹಾಕಿ ಬಿಗಿದಿದ್ದಾರೆ, ಮುಚ್ಚಳದ ಮೇಲೆ ಒಂದು ಕಲ್ಲಿದೆ.